ಬಣ್ಣ ಹಿಡಿಯದ ಉಕ್ಕು

ಮರಳು ಹೊಡೆದು ತುಕ್ಕು ತೆಗೆದ ಉಕ್ಕನ್ನು ಮೊದಲ ಸಲ ನೋಡುವವರು ಅದು ಉಕ್ಕು ಅಂದರೆ ನಂಬುವುದಿಲ್ಲ. ನಾವು ಕಂಡು ಬಲ್ಲ ಕಬ್ಬಿಣ ಕರಿಯದು, ಇಲ್ಲವೇ ಕೆಂಪಗಿನದು. ಇದು ಬೂದು ಬಣ್ಣಕ್ಕೂ ಬಿಳಿಗೂ ನಡುವಿನದು, ಆಗಷ್ಟೇ ತಿಕ್ಕಿ ಬೋರಲು ಹಾಕಿದ ಪಾತ್ರೆಯ ಹಾಗೆ ತಣ್ಣಗೆ ಬೆಳಗುತ್ತದೆ. ಮುಟ್ಟಿದರೆ ನುಣುಪಾಗಿರುವುದಿಲ್ಲ, ಸಣ್ಣ ರವೆಯ ತರಿ ಬೆರಳಿಗೆ ಹತ್ತುತ್ತದೆ. ಬಣ್ಣ ಕಚ್ಚಿಕೊಳ್ಳುವುದು ಆ ತರಿಯನ್ನು. ಹಾಗಂತ ಆಸೆಗೆ ಬಿದ್ದು ಮುಟ್ಟುವ ಹಾಗಿಲ್ಲ, ಏಕೆಂದರೆ ಬೆರಳಿನ ಬೆವರು ತಾಗಿದ ಕಡೆ ಸಂಜೆಯೊಳಗೆ ಕೆಂಪು ಗುರುತು ಮೂಡಿರುತ್ತದೆ. ಮುಟ್ಟದೆ ಬಿಟ್ಟರೂ ನಮ್ಮ ಕಡೆಯ ಗಾಳಿ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಬಿಳುಪಾದ ಉಕ್ಕಿಗೆ ಹೊತ್ತು ಇಳಿಯುವ ಮುಂಚೆ ಮೊದಲ ಕೈ ಬಣ್ಣ ಬೀಳದಿದ್ದರೆ ಮಾರನೆಯ ದಿನ ಮತ್ತೆ ಮೊದಲಿನಿಂದ ಶುರು.

ಅರವತ್ತರ ದಶಕದ ನಡುವಿನ ಮಾತು. ಹೊಳೆಗೆ ಕಟ್ಟೆ ಕಟ್ಟಿ, ನೀರನ್ನು ಗುಡ್ಡದ ಮೇಲಿಂದ ಉಕ್ಕಿನ ಕೊಳವೆಗಳಲ್ಲಿ ಕೆಳಗಿಳಿಸಿ ಕರೆಂಟು ತೆಗೆಯುವ ಕೆಲಸ ಭರದಿಂದ ನಡೆಯುತ್ತಿತ್ತು. ಸಾಗರದ ಹೊರಗೆ, ಹೊಸನಗರದ ರಸ್ತೆಯ ಬದಿಯಲ್ಲಿ, ಗುತ್ತಿಗೆದಾರರೊಬ್ಬರ ಯಾರ್ಡು. ದಪ್ಪನೆಯ ಉಕ್ಕಿನ ಹಾಳೆಗಳನ್ನು ಅಲ್ಲಿ ಬಗ್ಗಿಸಿ, ಬೆಸೆದು, ಆಳು ಕೈಯೆತ್ತಿದರೂ ಮೇಲ್ಭಾಗ ಸಿಗದಷ್ಟು ದೊಡ್ಡ ಕೊಳವೆಯ ತುಂಡುಗಳನ್ನು ಮಾಡುತ್ತಿದ್ದರು. ತುಂಡಿನ ಒಳಮೈಯ ತುಕ್ಕು ತೆಗೆದು ಬಣ್ಣ ಬಳಿದ ಮೇಲೆ ಲಾರಿಯಲ್ಲಿ ಗುಡ್ಡಕ್ಕೆ ಸಾಗಿಸಿ ಒಂದಕ್ಕೊಂದು ಬೆಸೆಯುವುದು. ಒಳಮೈ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ತುಂಡಿನ ಬಾಯಿಯ ಅಂಚಿಗೆ ನನ್ನ ಗುರುತು ಹಾಕುವುದು ನನ್ನ ಕೆಲಸ. ಗುರುತಿಲ್ಲದ ತುಂಡು ಯಾರ್ಡಿನ ಗೇಟು ದಾಟುವಂತಿರಲಿಲ್ಲ. ತೀರ್ಥಹಳ್ಳಿಯಿಂದ ಬಂದ ಹುಡುಗ ನಾನು, ಮೂಗಿನ ತುದಿಯಲ್ಲೇ ಸಿಟ್ಟು. ಗೇಟು ಕಾಯುವ ಈ ಅಧಿಕಾರ ನನಗೆ ಬಹಳ ಹಿಡಿಸಿತ್ತು.

ಒಳಮೈಗೆ ಇಷ್ಟು ಉಪಚಾರ ಏಕೆ ಎಂದು ಊರಿನಲ್ಲಿ ಕೇಳುತ್ತಿದ್ದರು. ಹೊರಗಿನ ಬಣ್ಣ ಹೋದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಬಳಿಯಬಹುದು. ಒಳಗೆ ಒಮ್ಮೆ ನೀರು ತುಂಬಿತೆಂದರೆ ವರ್ಷಗಟ್ಟಲೆ ಯಾರೂ ಅಲ್ಲಿ ಇಣುಕುವುದಿಲ್ಲ. ಬಣ್ಣ ಎದ್ದ ಕಡೆ ತುಕ್ಕು ಸೇರಿ ಉಕ್ಕನ್ನು ತಿನ್ನುತ್ತದೆ, ಗುಡ್ಡದಿಂದ ಇಳಿಯುವ ನೀರಿನ ಒತ್ತಡ ತೆಳ್ಳಗಾದ ಜಾಗವನ್ನೇ ಹುಡುಕಿ ಒಡೆಯುತ್ತದೆ. ಕೊಳವೆಯ ಕೆಳಗೆ ಮನುಷ್ಯರು ಕೆಲಸ ಮಾಡುತ್ತಿರುತ್ತಾರೆ. ಇಷ್ಟು ಹೇಳಿದರೆ ಕೇಳಿದವರು ತಲೆ ಅಲ್ಲಾಡಿಸಿ ಅಡಿಕೆ ಧಾರಣೆಯ ಮಾತಿಗೆ ಹೋಗುತ್ತಿದ್ದರು.

ಕೆಲಸ ಹೊಳೆಯ ಮರಳಿನಿಂದ ಶುರುವಾಗುತ್ತಿತ್ತು. ಒದ್ದೆ ಮರಳು ಹೋಸ್ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಕಬ್ಬಿಣದ ತಗಡಿನ ಕೆಳಗೆ ಬೆಂಕಿ ಹಾಕಿ ಮರಳನ್ನು ಹುರಿಯಬೇಕು, ಆರಿಸಬೇಕು, ಎರಡು ಜರಡಿ ಹಿಡಿಯಬೇಕು. ದಪ್ಪ ಹರಳು ಹೋಸಿನ ತುದಿಯ ನಾಜಲಿನ ಬಾಯಿ ಕಟ್ಟುತ್ತದೆ, ಹುಡಿ ಬರೀ ಧೂಳೆಬ್ಬಿಸುತ್ತದೆ, ನಡುವಿನ ಗಾತ್ರದ್ದು ಮಾತ್ರ ಕೆಲಸಕ್ಕೆ ಬರುವುದು. ಹೀಗೆ ಹದ ಮಾಡಿದ ಮರಳನ್ನು ಕಂಪ್ರೆಸರಿನ ಗಾಳಿ ಹೊತ್ತುಕೊಂಡು ಹೋಗಿ ಉಕ್ಕಿಗೆ ಬಡಿಯುತ್ತದೆ. ಹೊಡೆಯುವವನು ತಲೆಗೆ ಗಾಜಿನ ಕಿಟಕಿಯಿದ್ದ ತೊಗಲಿನ ಟೊಪ್ಪಿ ಹಾಕಿಕೊಂಡು, ಕೊಳವೆಯೊಳಗೆ ಆ ಗದ್ದಲದಲ್ಲಿ, ತನ್ನ ಕೈಯನ್ನೇ ಕಾಣದ ಧೂಳಿನಲ್ಲಿ ನಿಂತು ಅಂಗೈಯಗಲ ಅಂಗೈಯಗಲ ಬಿಳುಪು ಮಾಡುತ್ತ ಹೋಗುತ್ತಾನೆ. ಆಮೇಲೆ ಧೂಳು ಊದಿ, ಕೆಂಪು ಸೀಸದ ಬಣ್ಣ ಒಂದು ಕೈ, ಅದು ಒಣಗಿದ ಮೇಲೆ ಕರಿ ಟಾರಿನ ಬಣ್ಣ ಎರಡು ಕೈ.

ಇದನ್ನೆಲ್ಲ ನನಗೆ ಕಲಿಸಿದವರು ಫೋರ್‌ಮನ್. ಮಂಗಳೂರಿನ ಕಡೆಯವರು, ಹಡಗಿನ ಹೊಟ್ಟೆಗೆ ಬಣ್ಣ ಬಳಿದು ಬಳಿದು ಕೂದಲು ಬೆಳ್ಳಗೆ ಮಾಡಿಕೊಂಡವರು. "ಮಾರಾಯ್ರೆ, ಬಣ್ಣ ಸುಳ್ಳು ಹೇಳೂದಿಲ್ಲ. ಅಡಿಯಲ್ಲಿ ನೀವು ಎಂಥ ಮಾಡಿದ್ದೀರಿ ಅಂತ ಒಂದು ದಿನ ಮೇಲೆ ಬಂದು ಹೇಳ್ತದೆ" ಅನ್ನುವುದು ಅವರ ಮಾತು. ನಾನು ನಗುತ್ತಿದ್ದೆ.

ಮರಳಿನ ಕೆಲಸ ಹೆಂಗಸರ ಗ್ಯಾಂಗಿನದು. ಹೊನ್ನೆಮರಡಿನ ಆಚೆ ದಡದ ಒಂದು ಊರಿನವರು. ಆ ಊರು ಆಗಲೇ ನೀರಿನಡಿ ಹೋಗಿತ್ತು. ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆಗಳು. ಗದ್ದೆ ಮುಳುಗಿದ ಮೇಲೆ ಗಂಡಸರು ಸಿಕ್ಕ ಸಿಕ್ಕ ಕಡೆ ಮರ ಕಡಿಯಲು, ರಸ್ತೆ ಮಾಡಲು ಹೋದರು, ಹೆಂಗಸರು ಹೀಗೆ ಒಟ್ಟಾಗಿ ಯಾರ್ಡಿಗೆ ಬಂದರು. ಎಲ್ಲ ಮನೆಗಳೂ ನಂಬಿದ್ದು ವಾರವಾರ ಬರುವ ಈ ಕೂಲಿಯನ್ನೇ. ಗ್ಯಾಂಗನ್ನು ನಡೆಸುತ್ತಿದ್ದವಳನ್ನು, ಯಾರ್ಡಿನ ಮ್ಯಾನೇಜರೊಬ್ಬರನ್ನು ಬಿಟ್ಟು, ಫೋರ್‌ಮನ್ ಸಹಿತ ಎಲ್ಲರೂ ಅಕ್ಕ ಅನ್ನುತ್ತಿದ್ದರು. ಮನೆಯ ಅಕ್ಕನಿಗೆ ಅಂದ ಹಾಗೆ ನಾನೂ ಇಲ್ಲಿ ಏಕವಚನದಲ್ಲೇ ಹೇಳುತ್ತೇನೆ. ನಡುವಯಸ್ಸು, ನೆಟ್ಟಗಿನ ನಿಲುವು, ಮಾತು ಕಡಿಮೆ. ಅವಳು ಜರಡಿ ಹಿಡಿಯುತ್ತಿದ್ದರೆ ನೋಡುತ್ತ ನಿಲ್ಲಬೇಕು ಅನ್ನಿಸುತ್ತಿತ್ತು. ಒಂದು ಕಾಳು ಕೆಳಗೆ ಚೆಲ್ಲುತ್ತಿರಲಿಲ್ಲ. ನಾನು ಮರಳಿನಲ್ಲಿ ಕೈಯಾಡಿಸಿ ಹುಳುಕು ಹುಡುಕಲು ಹೋದರೆ, "ಏನ್ ತಮ್ಮಾ, ಅಕ್ಕೀಲಿ ಕಲ್ಲು ಹುಡ್ಕ್ತಿದೀಯಾ? ಸಿಕ್ರೆ ನಂಗೂ ತೋರ್ಸು" ಎಂದು ಉಳಿದವರನ್ನು ನಗಿಸುತ್ತಿದ್ದಳು. ಒಂದು ದಿನವೂ ಸಿಗಲಿಲ್ಲ.

ಆ ವರ್ಷ ಆಯುಧಪೂಜೆಗೆ ಯಾರ್ಡಿಗೆ ರಜೆ. ಮ್ಯಾನೇಜರು ಮೈಸೂರಿಗೆ, ಫೋರ್‌ಮನ್ ಮಂಗಳೂರಿಗೆ, ನಾನು ಊರಿಗೆ. ಪೂಜೆಯನ್ನು ಅಕ್ಕನ ಗ್ಯಾಂಗಿಗೂ ವಾಚ್‌ಮನ್ನಿಗೂ ಒಪ್ಪಿಸಿ ಹೊರಟೆವು. ತಿರುಗಿ ಬಂದಾಗ ಯಾರ್ಡು ಮದುವೆ ಮುಗಿದ ಮನೆಯ ಅಂಗಳದ ಹಾಗಿತ್ತು. ಕಂಪ್ರೆಸರಿಗೆ ಚೆಂಡುಹೂವಿನ ಸರ, ಗೇಟಿನ ಮುಂದೆ ಒಡೆದ ಕುಂಬಳಕಾಯಿ, ನೆಲ ಗುಡಿಸಿ ಸೆಗಣಿ ನೀರು ಹಾಕಿದ್ದರು. ಸಾಲಾಗಿ ನಿಂತಿದ್ದ ಕೊಳವೆಯ ತುಂಡುಗಳಲ್ಲೂ ಕಸಕಡ್ಡಿ ಇರಲಿಲ್ಲ. ಫೋರ್‌ಮನ್ ಖುಷಿಯಾಗಿ ಅಂದೇ ಮರಳು ಹೊಡೆಸಲು ಶುರು ಮಾಡಿದರು. ಮಳೆ ಹಿಂದೆ ಸರಿದಿತ್ತು, ಬಿಸಿಲು ಬಿದ್ದಿತ್ತು. ಆ ತುಂಡುಗಳಿಗೆ ಬಣ್ಣ ಬಳಿದಷ್ಟು ಚೆಂದವಾಗಿ ನಾವು ಹಿಂದೆ ಯಾವುದಕ್ಕೂ ಬಳಿದಿರಲಿಲ್ಲ. ನಾನು ಎಲ್ಲದಕ್ಕೂ ಗುರುತು ಹಾಕಿದೆ. ಎರಡನ್ನು ಗುಡ್ಡದವರು ಅವಸರ ಮಾಡಿ ಒಯ್ದರು, ಉಳಿದವು ಸರದಿ ಕಾಯುತ್ತ ಯಾರ್ಡಿನಲ್ಲೇ ನಿಂತವು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ, ಲಾರಿಗೆ ಹೇರುವ ಮುಂಚೆ ಕೊನೆಯ ಸಲ ನೋಡೋಣವೆಂದು ಅದರಲ್ಲೊಂದು ತುಂಡಿನ ಒಳಗೆ ಹೋದೆ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಕರಿ ಬಣ್ಣದ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಕಂಡವು. ಹೆಬ್ಬೆರಳಿನಿಂದ ಒತ್ತಿದೆ. ಗುಳ್ಳೆ ಒಡೆದು ಬಣ್ಣ ಕೈಗೇ ಬಂತು. ಅವು ಸುಮ್ಮನೆ ಅಲ್ಲಿಲ್ಲಿ ಎದ್ದಿರಲಿಲ್ಲ. ಗೆರೆ ಎಳೆದ ಹಾಗೆ ನೇರವಾಗಿ, ಒಂದರ ಪಕ್ಕ ಒಂದು ಎದ್ದಿದ್ದವು.

ಮೊದಲು ಬಣ್ಣದ ಮೇಲೆ ಅನುಮಾನ ಬಂತು. ಅದೇ ಡಬ್ಬಗಳ ಬಣ್ಣ ಬಳಿದ ಬೇರೆ ತುಂಡುಗಳನ್ನು ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಇಬ್ಬನಿ ಬಿದ್ದ ಉಕ್ಕಿನ ಮೇಲೆ ಬಳಿದೆವೋ ಎಂದರೆ ಆ ದಿನಗಳ ಬಿಸಿಲು ಎಲ್ಲರಿಗೂ ನೆನಪಿತ್ತು. ಮರಳಿನಲ್ಲಿ ಉಪ್ಪಿದೆಯೋ ಎಂದು ಫೋರ್‌ಮನ್ ಚಿಟಿಕೆ ಮರಳನ್ನು ನಾಲಿಗೆಗಿಟ್ಟು ಉಗಿದರು. ಅದೇ ಮರಳು, ಅದೇ ಬಣ್ಣದಿಂದ ಸಣ್ಣ ತಗಡುಗಳನ್ನು ಮಾಡಿ ಬಿಸಿಲಿಗಿಟ್ಟೆವು, ನೀರಿನಲ್ಲಿ ಅದ್ದಿದೆವು, ಮತ್ತೆ ಬಿಸಿಲಿಗಿಟ್ಟೆವು. ಕಲ್ಲಿನ ಹಾಗೆ ಕೂತಿತ್ತು ಬಣ್ಣ. ಅಷ್ಟರಲ್ಲಿ ಎರಡನೆಯ ತುಂಡಿನಲ್ಲಿ ಗುಳ್ಳೆ ಬಂತು, ಮೂರನೆಯದರಲ್ಲೂ ಬಂತು. ಪ್ರತಿ ಬೆಳಿಗ್ಗೆ ಸುಣ್ಣದ ಕಡ್ಡಿ ಹಿಡಿದು ಹೋಗಿ, ಗುಳ್ಳೆ ಎದ್ದ ಕಡೆಯೆಲ್ಲ ಗೆರೆ ಎಳೆದು, ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡುವುದೇ ಕೆಲಸವಾಯಿತು. ಐದನೆಯ ತುಂಡೂ ಎದ್ದಾಗ ಮ್ಯಾನೇಜರಿಗೆ ತಿಳಿಸದೆ ಗತಿಯಿರಲಿಲ್ಲ.

ಮ್ಯಾನೇಜರು ಬರುವ ಹೊತ್ತಿಗೆ ಫೋರ್‌ಮನ್ ಒಂದು ಕೆಲಸ ಮಾಡಿದ್ದರು. ಗುಳ್ಳೆ ಎದ್ದ ಕಡೆ ಅಂಗೈಯಗಲ ಜಾಗದ ಬಣ್ಣವನ್ನು ಪೂರ್ತಿ ಕೆರೆದು, ಬರಿಯ ಉಕ್ಕಿನ ಮೇಲೆ ಬೆರಳಿನಿಂದ ನೀರು ಚಿಮುಕಿಸಿದರು. ಶುದ್ಧ ಉಕ್ಕಿನ ಮೇಲೆ ನೀರು ಹರಡಿಕೊಳ್ಳುತ್ತದೆ. ಇಲ್ಲಿ ಗೆರೆಯುದ್ದಕ್ಕೂ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿತು.

"ಎಣ್ಣೆ" ಅಂದರು ಫೋರ್‌ಮನ್. "ಎಣ್ಣೆ ಉಂಟು ಮಾರಾಯ್ರೆ ಇದರಲ್ಲಿ."

"ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ಬಂದಿರಬಹುದಾ?" ಎಂದು ಕೇಳಿದೆ.

"ಅದು ಬಂದ್ರೆ ಇಡೀ ಮೈಗೆ ಬರ್ಬೇಕು. ಹೀಗೆ ಗೆರೆ ಗೆರೆಯಾಗಿ ಬರ್ತದಾ?"

ಮ್ಯಾನೇಜರು ಮೈಸೂರಿನವರು, ಅಚ್ಚುಕಟ್ಟು ಮನುಷ್ಯ, ಕೆಲಸ ಕೆಟ್ಟರೆ ಮಾತ್ರ ಬೆಂಕಿ. ಗುಡ್ಡದಲ್ಲಿ ಬೆಸೆಯುವವರು ತುಂಡಿಗಾಗಿ ಕಾದು ಕೂತಿದ್ದರು. ಮಳೆ ಹಿಡಿಯುವುದರೊಳಗೆ ಆ ಸಾಲು ಮುಗಿಯದಿದ್ದರೆ ಇಡೀ ಮಳೆಗಾಲ ಕೆಲಸ ನಿಲ್ಲುತ್ತಿತ್ತು. ಮ್ಯಾನೇಜರು ನಿಂತ ನೀರಿನ ಹನಿಗಳನ್ನು ಒಂದು ಗಳಿಗೆ ನೋಡಿದರು.

"ಎಣ್ಣೆ ಕೈ ಯಾರದ್ದು ರೀ ಇಲ್ಲಿ? ತಲೆಗೆ ಎಣ್ಣೆ ಹಚ್ಕೊಂಡು, ಅದೇ ಕೈಯಲ್ಲಿ ಮರಳು ಮುಟ್ಟೋರು ಯಾರು? ಆ ಹೆಂಗಸರ ಗ್ಯಾಂಗನ್ನ ಈ ವಾರಕ್ಕೇ ಬಿಡಿಸಿ. ಶಿವಮೊಗ್ಗದಿಂದ ಬೇರೆ ಜನ ತರಿಸ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಸಾರ್, ಮರಳು ಬೆಂಕಿ ಮೇಲೆ ಹುರಿದು ಬರುತ್ತೆ. ಅದರಲ್ಲಿ ಎಣ್ಣೆ ಉಳಿಯೋದಿಲ್ಲ. ಆ ಹೆಂಗಸರು ಕೊಳವೆಯ ಒಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಬೇಕಾದರೆ ಬರೆದುಕೊಡ್ತೀನಿ."

"ಹಾಗಾದ್ರೆ ಯಾರು? ಗಾಳಿ ಬಂದು ಗೆರೆ ಎಳೀತಾ?"

ಮ್ಯಾನೇಜರ ಗಂಟಲು ದೊಡ್ಡದು, ಅಂಗಳದವರೆಗೆ ಕೇಳಿತ್ತು. ಅಕ್ಕ ಜರಡಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಳವೆಯ ಬಾಯಿಗೆ ಬಂದು ನಿಂತಳು.

"ಸಾಮಿ, ನಮ್ಮನ್ನ ಬಿಡ್ಸೋದಾದ್ರೆ ಬಿಡ್ಸಿ. ಮರಳಲ್ಲಿ ಎಂತ ತಪ್ಪೈತೆ ಅಂತ ಒಂದ್ಸಲ ತೋರ್ಸಿ. ಮನೇಲಿ ಕೇಳಿದ್ರೆ ಹೇಳ್ಬೇಕಲ್ಲ."

"ಬಾ, ನೋಡು" ಅಂದರು ಮ್ಯಾನೇಜರು.

ಅವಳು ಒಳಗೆ ಬಂದಳು. ನಾನು ದಿನದಿನವೂ ಎಳೆದಿದ್ದ ಸುಣ್ಣದ ಗೆರೆಗಳು ಕರಿ ಬಣ್ಣದ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಗುಳ್ಳೆ ಎಣಿಸುವ ಗಡಿಬಿಡಿಯಲ್ಲಿ ನಾನು ಅವುಗಳನ್ನು ದೂರ ನಿಂತು ನೋಡಿರಲೇ ಇಲ್ಲ. ಅಕ್ಕನ ಹಿಂದೆ ನಿಂತು ಆಗ ನೋಡಿದೆ. ಚೌಕದೊಳಗೆ ಚೌಕ, ಅದರ ಸುತ್ತ ಜೋಡಿ ಗೆರೆ, ನಾಲ್ಕೂ ಮೂಲೆಗೆ ತ್ರಿಕೋನ, ನಡುವೆ ಏಣಿಯ ಹಾಗೆ ಅಡ್ಡಪಟ್ಟಿ. ಅಕ್ಕ ಸೆರಗನ್ನು ಬಾಯಿಗೆ ಹಿಡಿದಳು. ಅವಳು ಸುಮ್ಮನೆ ಹೊರಗೆ ಹೋಗಿದ್ದರೆ ಆ ಗೆರೆಗಳು ಏನೆಂದು ಹೇಳಲು ನಮಗೆ ಯಾರಿಗೂ ಬರುತ್ತಿರಲಿಲ್ಲ.

"ಇದು ನನ್ ಕೈ, ತಮ್ಮಾ" ಅಂದಳು. ಮ್ಯಾನೇಜರ ಕಡೆಗಲ್ಲ, ನನ್ನ ಕಡೆ ತಿರುಗಿ. "ಇದು ಹಸೆ. ನಾನ್ ಬರ್ದಿದ್ದು."

ಅವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ನಾರಿನ ಕುಂಚದಿಂದ, ಕೂದಲೆಳೆಯಷ್ಟು ಸಣ್ಣ ಗೆರೆ. ಅದರ ಮುಂದೆ ಮದುಮಕ್ಕಳನ್ನು ಕೂರಿಸುವುದು. ಸಾಗರದ ಸುತ್ತ ಬೆಳೆದವರಿಗೆ ಇದು ಗೊತ್ತು. ನಾನು ಅದರ ಹೆಸರು ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ.

"ಹಬ್ಬದ ದಿನ ಮಿಶಿನ್ನಿಗೆಲ್ಲ ಹೂ ಹಾಕಿದ್ವಿ. ಈ ಕೊಳ್ವೆ ಬರಿದಾಗಿ ನಿಂತಿದ್ವು. ಹೊಳೆ ಬರೋ ಮನೆ ಅಲ್ವಾ ಇದು? ಮದುಮಗಳು ಬರೋ ಮನೇಲಿ ಗೋಡೆ ಬರಿದು ಬಿಡ್ತಾರಾ? ಅಕ್ಕಿಹಿಟ್ಟು ಕಬ್ಬಿಣಕ್ಕೆ ನಿಲ್ಲಲಿಲ್ಲ, ಉದುರ್ತು. ದೀಪದ ಹರಳೆಣ್ಣೇಲಿ ಕಲ್ಸಿ ಬರ್ದೆ. ಹಬ್ಬ ಆದ್ಮೇಲೆ ಗೋಣಿ ತಗಂಡು ಒರ್ಸಿದ್ವಿ. ಹೆಂಗೂ ಮೇಲೆ ಮರಳು ಹೊಡೀತೀರಲ್ಲ, ಎಲ್ಲ ಹೋಗ್ತದೆ ಅಂದ್ಕಂಡೆ."

ಫೋರ್‌ಮನ್ ಹಣೆಗೆ ಕೈ ಹಚ್ಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತುಕ್ಕು ಹೋಗ್ತದೆ ಅಕ್ಕ, ಎಣ್ಣೆ ಹೋಗೂದಿಲ್ಲ. ಎಣ್ಣೆಯನ್ನು ಮೊದಲು ತೊಳೀಬೇಕು. ಇಲ್ಲದಿದ್ರೆ ಮರಳು ಅದನ್ನು ಉಕ್ಕಿನ ತರಿಯೊಳಗೆ ಹೊಡ್ದು ಕೂರಿಸ್ತದೆ. ಮೇಲೆ ಬಿಳಿ ಕಾಣ್ತದೆ, ಒಳಗೆ ಎಣ್ಣೆ ಹಾಗೇ ಇರ್ತದೆ."

ನಾನು ಅವಳ ಪರವಾಗಿ ಅಷ್ಟು ಜೋರು ಮಾಡಿದ್ದೆ. ಅವಳ ಮೇಲೆ ರೇಗಬೇಕು ಅನ್ನಿಸಿದ್ದೂ ನಿಜ, ಆದರೆ ರೇಗಲು ಆಗಲಿಲ್ಲ. ಮ್ಯಾನೇಜರು ಐದೂ ತುಂಡುಗಳನ್ನು ಎಣಿಸಿ ರಿಪೇರಿಯ ಮಾತು ಶುರು ಮಾಡಿದ್ದರು. ಅಕ್ಕ ಅವರ ಮಾತಿನ ನಡುವೆಯೇ ಹೇಳಿದಳು.

"ಐದಲ್ಲ ಸಾಮಿ, ಏಳು. ಆ ದಿನ ಸಾಲಲ್ಲಿ ಏಳು ನಿಂತಿದ್ವು. ಏಳಕ್ಕೂ ಬರ್ದೀನಿ."

ಉಳಿದ ಎರಡು ಗುಡ್ಡದ ಮೇಲಿದ್ದವು. ಬೆಸೆದಾಗಿತ್ತು.

ಯಾರ್ಡಿನ ಐದನ್ನು ಸರಿಮಾಡುವುದು ಕಷ್ಟವಿರಲಿಲ್ಲ. ಆದರೆ ಗುಡ್ಡದ ಇಳಿಜಾರಿನಲ್ಲಿ ಕೂತ ಕೊಳವೆಗೆ ಮತ್ತೆ ಮರಳು ಹೊಡೆಯಬೇಕೆಂದರೆ ಕಂಪ್ರೆಸರನ್ನು ಅಲ್ಲಿಗೆ ಎಳೆಸಬೇಕು, ಮರಳು ಹೊತ್ತು ಹತ್ತಿಸಬೇಕು, ಬೆಸೆಯುವವರನ್ನು ನಿಲ್ಲಿಸಬೇಕು. ಅದೆಲ್ಲ ಮಳೆಗೆ ಮುಂಚೆ. "ಅಲ್ಲಿ ನೆರಳಿದೆ, ತಂಪಿದೆ. ಬಣ್ಣ ಎದ್ದಿರೋದಿಲ್ಲ" ಎಂದರು ಮ್ಯಾನೇಜರು, ತಮಗೆ ತಾವೇ ಹೇಳಿಕೊಂಡ ಹಾಗೆ.

"ನೋಡದೆ ಹೇಳ್ಲಿಕ್ಕೆ ಆಗೂದಿಲ್ಲ ಸಾರ್" ಅಂದರು ಫೋರ್‌ಮನ್.

ಮಾರನೆಯ ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಅಕ್ಕನನ್ನೂ ಕರೆದುಕೊಂಡು ಹೋಗಲು ಮ್ಯಾನೇಜರೇ ಹೇಳಿದ್ದರು. ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತಿದ್ದಳು. ಗ್ಯಾಂಗಿನ ಹೆಂಗಸರಿಗೆ ಏನು ಹೇಳಿ ಬಂದೆ ಎಂದು ಕೇಳಿದೆ. "ಇದ್ದಿದ್ದು ಹೇಳ್ದೆ. ಇಬ್ರು ಅತ್ರು. ಒಬ್ಳು ಬೈದ್ಲು" ಅಂದಳು.

ಕೊಳವೆಯ ಮೇಲಿನ ಬಾಯಿಯಿಂದ ಒಳಗಿಳಿದೆವು. ಇಳಿಜಾರಿಗೆ ಅಡ್ಡಡ್ಡ ಮರದ ಪಟ್ಟಿ ಇಟ್ಟು ಹಗ್ಗ ಬಿಟ್ಟಿದ್ದರು. ಟಾರ್ಚಿನ ಬೆಳಕು ಕರಿ ಗೋಡೆಗಳಲ್ಲಿ ಕರಗಿ ಹೋಗುತ್ತಿತ್ತು, ಮಾತಾಡಿದರೆ ಕೆಳಗಿನಿಂದ ಯಾರೋ ಅದನ್ನೇ ತಿರುಗಿ ಹೇಳುತ್ತಿದ್ದರು. ನನ್ನ ಗುರುತು ಹುಡುಕಿ ಮೊದಲ ತುಂಡನ್ನು ಕಂಡುಹಿಡಿದೆ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಸುತ್ತಲೂ ನೋಡಿದೆವು, ಒಂದು ಗುಳ್ಳೆಯೂ ಕಾಣಲಿಲ್ಲ.

ಮ್ಯಾನೇಜರು ಜೇಬಿನಿಂದ ಚಾಕು ತೆಗೆದು, ನಿಂತವರ ಭುಜದ ಎತ್ತರದಲ್ಲಿ ಬಣ್ಣಕ್ಕೆ ಅಡ್ಡ ಉದ್ದ ಗೀರಿ, ಮೊನೆಯಿಂದ ಎಬ್ಬಿಸಲು ನೋಡಿದರು. ಏಳಲಿಲ್ಲ. ಒಂದು ಮಾರು ಆಚೆ ಗೀರಿದರು, ಅಲ್ಲೂ ಏಳಲಿಲ್ಲ. ಎದುರು ಗೋಡೆಯಲ್ಲೂ ಅದೇ. ಕೆಳಗಿನ ಎರಡನೆಯ ತುಂಡಿಗೆ ಇಳಿದು ಅದಕ್ಕೂ ಹೀಗೇ ಮಾಡಿ ಬಂದರು. ಬಣ್ಣ ಹಲ್ಲು ಕಚ್ಚಿ ಹಿಡಿದಿತ್ತು. ಅವರ ಮುಖ ಸಡಿಲವಾಯಿತು. ನಿನ್ನೆಯಿಂದ ಮೊದಲ ಸಲ ನನಗೂ ಉಸಿರು ನೆಟ್ಟಗೆ ಬಂತು.

"ಇವೆರಡು ಬಚಾವ್ ರೀ" ಎಂದು ನಕ್ಕರು ಮ್ಯಾನೇಜರು. "ಐದು ತಾನೆ, ಯಾರ್ಡಲ್ಲೇ ಮುಗೀತದೆ." ಅಕ್ಕನ ಕಡೆ ತಿರುಗಿದರು. "ಹೋಗ್ಲಿ ಬಿಡಮ್ಮ. ಬೇಕು ಅಂತ ಮಾಡಿದ್ದಲ್ಲ. ನಿನ್ನ ಗ್ಯಾಂಗ್ ಇರ್ಲಿ. ಇನ್ನೊಂದ್ಸಲ ಎಣ್ಣೆ ಮುಟ್ಟಿಸ್ಬೇಡ, ಅಷ್ಟೇ."

ನಾನು ಅಕ್ಕನ ಮುಖ ನೋಡಿದೆ. ಕೈ ಮುಗಿಯುತ್ತಾಳೆ ಅಂದುಕೊಂಡೆ. ಅವಳು ಗೋಡೆಯನ್ನು ನೋಡುತ್ತಿದ್ದಳು. ನನ್ನ ಕೈಯಿಂದ ಟಾರ್ಚು ಇಸಿದುಕೊಂಡು ಮೇಲೆ ಬಿಟ್ಟಳು, ಬಲಕ್ಕೆ ಬಿಟ್ಟಳು, ಆಮೇಲೆ ನಿಧಾನವಾಗಿ ಎಡಗಡೆ ಕೆಳಕ್ಕೆ ತಂದಳು. ಮ್ಯಾನೇಜರು ಹಗ್ಗ ಹಿಡಿದು ಹತ್ತಲು ತಿರುಗಿದ್ದರು.

"ಸಾಮಿ" ಅಂದಳು. ದನಿ ಸಣ್ಣದಾಗಿತ್ತು. "ನೀವು ಹಸೆ ಮೇಲೇ ನಿಂತೀರಿ."

ನಮಗೆ ಮೂವರಿಗೂ ಅರ್ಥವಾಗಲಿಲ್ಲ. ಅವಳು ಟಾರ್ಚನ್ನು ಮ್ಯಾನೇಜರ ಬೂಟಿನ ಪಕ್ಕಕ್ಕೆ ಹಿಡಿದಳು. ಹಾಳೆಯ ಎರಡು ಅಂಚು ಕೂಡಿಸಿ ಬೆಸೆದ ಉದ್ದನೆಯ ಏಣು ಅಲ್ಲಿ ಬಣ್ಣದಡಿಯಲ್ಲಿ ಉಬ್ಬಿ ಕಾಣುತ್ತಿತ್ತು. "ಯಾರ್ಡಲ್ಲಿ ಈ ಬೆಸುಗೆ ತಲೆ ಮಟ್ಟಕ್ಕಿತ್ತು. ನಂಗೆ ತೊಲೆ ಕಂಡಂಗಾತು. ತೊಲೆ ಅಡಿಗೆ ಹಸೆ ಬರೆಯೋದು. ಅದಕ್ಕೇ ಏಳರಲ್ಲೂ ಬೆಸುಗೆ ಅಡಿಗೇ ಬರ್ದೆ. ಇಲ್ಲಿ ಅದು ಕೆಳಗೆ ಬಂದೈತೆ."

ಒಂದು ತುಂಡಿನ ಏಣು ಪಕ್ಕದ ತುಂಡಿನ ಏಣಿನ ಸಾಲಿಗೆ ಬರಬಾರದೆಂದು ಗುಡ್ಡದಲ್ಲಿ ತುಂಡುಗಳನ್ನು ಹೊರಳಿಸಿ ಕೂರಿಸುತ್ತಾರೆ. ಅವಳು ಗೋಡೆಯಲ್ಲಿ ಬರೆದದ್ದು ಹೊರಳಿ ನಮ್ಮ ಕಾಲಡಿಗೆ ಬಂದಿತ್ತು. ಬರೆದ ಜಾಗಕ್ಕೆ ಬೆಸುಗೆಯೇ ಗುರುತೆಂದು ಅವಳಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ನಾವಾರೂ ಕೇಳಿಯೂ ಇರಲಿಲ್ಲ.

ಮ್ಯಾನೇಜರು ಕಾಲು ಹಿಂದಕ್ಕೆ ತೆಗೆದರು. ಫೋರ್‌ಮನ್ ಅವರಿಂದ ಚಾಕು ಇಸಿದುಕೊಂಡು ಮಂಡಿಯೂರಿ, ಏಣಿನ ಪಕ್ಕದಲ್ಲಿ ಒಂದು ಗೀರು ಹಾಕಿ ಮೊನೆ ತೂರಿಸಿದರು. ಬೆಂದ ಗೆಣಸಿನ ಸಿಪ್ಪೆಯ ಹಾಗೆ ಬಣ್ಣ ಸುಲಿದು ಬಂತು, ಕರಿದೂ ಕೆಂಪೂ ಒಟ್ಟಿಗೇ. ಅಡಿಯಲ್ಲಿ ಬೂದು ಉಕ್ಕಿನ ಮೇಲೆ ತೆಳುವಾದ ಜೋಡಿ ಗೆರೆ ತುಕ್ಕಿನ ಕೆಂಪಿಗೆ ತಿರುಗಿತ್ತು. ಕೆಳಗಿನ ತುಂಡಿನಲ್ಲಿ ಏಣು ಹುಡುಕಿ ಸುಲಿದಾಗಲೂ ಅದೇ.

ಕೊಳವೆಯ ಕೆಳಗಿನ ತುದಿಯಲ್ಲಿ ಬೆಸೆಯುವವರು ಸುತ್ತಿಗೆ ಬಡಿಯುವ ಸದ್ದು ಉಕ್ಕಿನ ಮೈಯೊಳಗಿಂದ ಬರುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಅದು ಹೆಮ್ಮೆಯಿಂದಲೋ ಭಯದಿಂದಲೋ ಆಗ ತಿಳಿಯಲಿಲ್ಲ. ಈಗ ಕೇಳಿದರೆ ಹೆಮ್ಮೆಯೆಂದೇ ಹೇಳುತ್ತೇನೆ. ಕೆಲಸದಲ್ಲಿ ಆಮೇಲೆ ಎಷ್ಟೋ ಪರೀಕ್ಷೆಗಳನ್ನು ಕಲಿತೆ, ಉಪಕರಣಗಳನ್ನು ಹಿಡಿದೆ. ತಮ್ಮ ಮೇಲೆಯೇ ಹೀಗೆ ಟಾರ್ಚು ಬಿಟ್ಟುಕೊಂಡವರನ್ನು ಮತ್ತೆ ನೋಡಲಿಲ್ಲ.

"ಯಾಕಮ್ಮಾ ಹೇಳಿದೆ?" ಅಂದರು ಮ್ಯಾನೇಜರು. ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು. "ಈಗಷ್ಟೇ ಗ್ಯಾಂಗ್ ಇರ್ಲಿ ಅಂದೆನಲ್ಲ. ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

ಅಕ್ಕ ಸುಲಿದ ಜಾಗದ ಮೇಲೆ ಬೆಳಕು ಬಿಟ್ಟುಕೊಂಡೇ ಇದ್ದಳು.

"ನಮ್ಮೂರು ಈ ನೀರಡಿಗೇ ಹೋಯ್ತು ಸಾಮಿ. ಗದ್ದೆ ಹೋಯ್ತು. ಮನೆ ಹೋಯ್ತು, ಗೋಡೆ ಮೇಲೆ ನಮ್ಮವ್ವ ಬರ್ದಿದ್ದ ಹಸೆ ಹೋಯ್ತು. ಅಷ್ಟೆಲ್ಲ ಇಸ್ಕಂಡ ನೀರು, ನನ್ ಕೈಯಿಂದಾಗಿ ಹಾದೀಲಿ ಸೋರಿ ಹೋಗ್ಬೇಕಾ?"

ಮ್ಯಾನೇಜರು ಚಾಕುವನ್ನು ಫೋರ್‌ಮನ್ನರಿಂದ ತೆಗೆದುಕೊಂಡು, ಮಡಚಿ, ಜೇಬಿಗೆ ಹಾಕಿಕೊಂಡರು.

"ನಾಳೆ ಕಂಪ್ರೆಸರನ್ನ ಇಲ್ಲಿಗೆ ಎಳೆಸ್ರಿ" ಅಂದರು. "ಬೆಸೆಯೋರನ್ನ ನಿಲ್ಲಿಸಿ. ನಾನು ಹೇಳ್ತೀನಿ ಅವರಿಗೆ."

"ಮರಳು ಹೊರ್ಲಿಕ್ಕೆ ಜನ? ಶಿವಮೊಗ್ಗದವರಾ?" ಎಂದು ಕೇಳಿದರು ಫೋರ್‌ಮನ್.

"ಯಾವ ಶಿವಮೊಗ್ಗ ರೀ? ಅಕ್ಕನ ಗ್ಯಾಂಗ್ ಇದೆಯಲ್ಲ."

ಮ್ಯಾನೇಜರು ಅವಳನ್ನು ಅಕ್ಕ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತಲು ಹಗ್ಗ ಹಿಡಿದವರು ಬಿಟ್ಟು ಪಕ್ಕಕ್ಕೆ ಸರಿದರು. "ಟಾರ್ಚು ನಿನ್ನ ಹತ್ರಾನೇ ಇರ್ಲಿ. ನೀನು ಮುಂದೆ ನಡಿ" ಅಂದರು. ಅಕ್ಕ ಸೆರಗು ಬಿಗಿದುಕೊಂಡು ಹಗ್ಗ ಹಿಡಿದಳು. ಆ ಕತ್ತಲ ಇಳಿಜಾರಿನಲ್ಲಿ ಅವಳು ಹಿಡಿದ ಬೆಳಕಿನ ಹಿಂದೆ ನಾವು ಮೂವರೂ ಮೇಲೆ ಹತ್ತಿದೆವು.